ಯಾರ್ಕ್‌ನಲ್ಲಿ ಗೆಳೆಯರ ಜೊತೆ ಒಂದು ದಿನ: ಪಟ್ಟಿ ಬಿಡಿ, ಗೋಡೆ ಹಿಡಿಯಿರಿ

ಇಂಗ್ಲೆಂಡಿನ ಯಾರ್ಕ್‌ಗೆ ಒಂದು ದಿನದ ಮಟ್ಟಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಮಿನ್‌ಸ್ಟರ್ ಎಂಬ ಭಾರೀ ಚರ್ಚು, ಶಾಂಬಲ್ಸ್ ಎಂಬ ಹಳೇ ಕಟುಕರ ಬೀದಿ, ವೈಕಿಂಗ್ ಮ್ಯೂಸಿಯಂ, ಕ್ಲಿಫರ್ಡ್ಸ್ ಟವರ್, ರೈಲ್ವೆ ಮ್ಯೂಸಿಯಂ, ಬೆಟ್ಟಿಸ್‌ನಲ್ಲಿ ಟೀ. ಎಲ್ಲ ಒಂದೇ ದಿನದಲ್ಲಿ ಮುಗಿಯಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಅರ್ಧ ಜನಕ್ಕೆ ಕಾಲು ನೋವು, ಇನ್ನರ್ಧ ಜನಕ್ಕೆ ಹಸಿವು. ಹಳೇ ಊರಿನ ಸುತ್ತ ಇರುವ ಕೋಟೆ ಗೋಡೆ ಮಾತ್ರ ಯಾರೂ ಹತ್ತಿರುವುದಿಲ್ಲ. ಕೇಳಿದರೆ, "ನೋಡಿದ್ವಲ್ಲ, ಸ್ಟೇಷನ್ ಎದುರಿಗೇ ಇತ್ತು" ಅಂತಾರೆ.

ನಾನಿರುವುದು ಲೀಡ್ಸ್‌ನಲ್ಲಿ, ಯಾರ್ಕ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಹಳೇ ಕ್ಲಾಸ್‌ಮೇಟ್‌ಗಳು ಬಂದರೂ ಆಫೀಸಿನವರು ಬಂದರೂ ಊರು ತೋರಿಸುವ ಕೆಲಸ ನನ್ನ ಪಾಲಿಗೇ ಬೀಳುತ್ತದೆ. ನಾನು ಹೇಳುವುದು ಇಷ್ಟೇ: ಗೋಡೆಯನ್ನೇ ದಿನದ ದಾರಿ ಮಾಡಿಕೊಳ್ಳಿ. ಉಳಿದದ್ದನ್ನೆಲ್ಲ ಅದರಿಂದ ಇಳಿದು ನೋಡಿ, ಮತ್ತೆ ಹತ್ತಿ.

ಇದಕ್ಕೆ ಇತಿಹಾಸದ ಪ್ರೀತಿಯೊಂದೇ ಕಾರಣವಲ್ಲ. ಗುಂಪಿನಲ್ಲಿ ಹೋದಾಗ ದೊಡ್ಡ ತಲೆನೋವು ಅಂದರೆ ಚದುರಿಹೋಗುವುದು. ಒಬ್ಬರು ಅಂಗಡಿ ಮುಂದೆ ನಿಲ್ಲುತ್ತಾರೆ, ಇನ್ನೊಬ್ಬರು ಫೋಟೊಗೆ, ಮತ್ತೊಬ್ಬರಿಗೆ ಫೋನ್ ಬರುತ್ತದೆ. ಗೋಡೆ ಮೇಲೆ ಆ ರಗಳೆ ಇಲ್ಲ. ಇರುವುದೇ ಒಂದು ದಾರಿ, ಅಂಗಡಿಯಿಲ್ಲ, ಎಡಕ್ಕೋ ಬಲಕ್ಕೋ ಎಂಬ ಚರ್ಚೆಯಿಲ್ಲ. ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಅಗಲ, ಕೆಲವು ಕಡೆ ಅದೂ ಇಲ್ಲ. ಎದುರಿಂದ ಜನ ಬಂದಾಗ ಸಾಲಾಗಬೇಕು, ಆಮೇಲೆ ಯಾರ ಪಕ್ಕ ಯಾರು ಸಿಗುತ್ತಾರೋ ಅವರ ಜೊತೆ ಮಾತು. ಐದಾರು ಜನರ ಗುಂಪಿನಲ್ಲಿ ಎಲ್ಲರೂ ಎಲ್ಲರ ಹತ್ತಿರ ಎರಡು ಮಾತಾದರೂ ಆಡುವುದು ಇಲ್ಲೇ. ಊಟದ ಟೇಬಲ್ಲಿನಲ್ಲಿ ಅದಾಗುವುದಿಲ್ಲ.

ಹೊರಡುವ ಮುನ್ನ

ಗೋಡೆಯ ಒಟ್ಟು ಉದ್ದ ಸುಮಾರು 3.4 ಕಿಲೋಮೀಟರ್. ಹತ್ತಲು ದುಡ್ಡಿಲ್ಲ, ಟಿಕೆಟ್ಟಿಲ್ಲ. ಬೆಳಿಗ್ಗೆ 8ಕ್ಕೆ ತೆರೆಯುತ್ತಾರೆ, ಕತ್ತಲಾಗುವ ಹೊತ್ತಿಗೆ ಮುಚ್ಚುತ್ತಾರೆ. ಈ "ಕತ್ತಲು" ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಹಿಮ ಬಿದ್ದರೆ, ಮಂಜುಗಡ್ಡೆ ಕಟ್ಟಿದರೆ ಗೋಡೆ ಬಂದ್. ಕ್ರಿಸ್‌ಮಸ್ ದಿನವೂ ಬಂದ್.

ಚಪ್ಪಲಿ ಬೇಡ. ಹಿಡಿತ ಇರುವ ಶೂ ಹಾಕಿಕೊಳ್ಳಿ. ಕಲ್ಲು ಸವೆದು ನುಣುಪಾಗಿದೆ, ಮಳೆ ಬಿದ್ದರೆ ಜಾರುತ್ತದೆ. ಹೊರಗಡೆ ಎದೆಯೆತ್ತರದ ತಡೆಗೋಡೆ ಇದ್ದರೂ ಒಳಗಡೆ ಅನೇಕ ಕಡೆ ಕಂಬಿಯೇ ಇಲ್ಲ. ಸೆಲ್ಫಿ ತೆಗೆಯುತ್ತ ಹಿಂದೆ ಹಿಂದೆ ಹೆಜ್ಜೆ ಇಡುವ ಗೆಳೆಯ ಎಲ್ಲ ಗುಂಪಿನಲ್ಲೂ ಒಬ್ಬ ಇರುತ್ತಾನಲ್ವಾ, ಅವನ ಮೇಲೆ ಒಂದು ಕಣ್ಣಿರಲಿ. ಸೂಟ್‌ಕೇಸ್, ಮಗುವಿನ ತಳ್ಳುಗಾಡಿ ಮೇಲೆ ಬರುವುದಿಲ್ಲ, ಎಲ್ಲ ಕಡೆ ಕಡಿದಾದ ಮೆಟ್ಟಿಲು. ಮಂಡಿ ನೋವಿನವರಿದ್ದರೆ ಅವರೊಬ್ಬರನ್ನೇ ಕೆಳಗೆ ಬಿಡಬೇಡಿ. ಜೊತೆಗೆ ಒಬ್ಬರು ಬೀದಿಯಲ್ಲೇ ನಡೆದು ಮುಂದಿನ ಬಾಗಿಲಲ್ಲಿ ಸೇರಿಕೊಳ್ಳಲಿ. ಬಾಗಿಲಿಂದ ಬಾಗಿಲಿಗೆ ದೂರ ಜಾಸ್ತಿಯಿಲ್ಲ.

ರೈಲಿನಲ್ಲಿ ಬನ್ನಿ. ಲಂಡನ್ ಕಿಂಗ್ಸ್ ಕ್ರಾಸ್‌ನಿಂದ ವೇಗದ ರೈಲಿಗೆ ಎರಡು ಗಂಟೆಯೊಳಗಿನ ದಾರಿ. ಮೂರರಿಂದ ಒಂಬತ್ತು ಜನ ಒಟ್ಟಿಗೆ ಪ್ರಯಾಣ ಮಾಡಿದರೆ ಗ್ರೂಪ್‌ಸೇವ್ ಅಂತ ಇದೆ. ದಟ್ಟಣೆಯಿಲ್ಲದ ಹೊತ್ತಿನ ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಸುಮ್ನೆ ಒಬ್ಬೊಬ್ಬರೇ ಬುಕ್ ಮಾಡಿಕೊಂಡು ದುಡ್ಡು ಕಳೆದುಕೊಳ್ಳುತ್ತಾರೆ.

ಇನ್ನೊಂದು, ನಕ್ಷೆ ಓದುವಾಗ ಗೊಂದಲವಾಗದಿರಲಿ ಅಂತ: ಇಲ್ಲಿ "ಗೇಟ್" ಅಂತ ಕೊನೆಯಾಗುವ ಹೆಸರೆಲ್ಲ ಬೀದಿಗಳು. ಕೋಟೆಯ ಬಾಗಿಲಿಗೆ "ಬಾರ್" ಅನ್ನುತ್ತಾರೆ. ಬೂಥಮ್ ಬಾರ್‌ನಲ್ಲಿ ಸಿಗೋಣ ಅಂದರೆ ಕುಡಿಯಲು ಕರೆದದ್ದಲ್ಲ.

ಬೆಳಿಗ್ಗೆ: ರೋಮನ್ ಕಲ್ಲಿಂದ ಮಂಕ್ ಬಾರ್‌ವರೆಗೆ

ಸ್ಟೇಷನ್‌ನಿಂದ ಹೊರಬಿದ್ದರೆ ಎದುರಿಗೇ ಹುಲ್ಲಿನ ದಿಬ್ಬ, ಅದರ ಮೇಲೆ ಬಿಳಿ ಗೋಡೆ. ಎಲ್ಲರೂ ಅಲ್ಲೇ ಹತ್ತಲು ಓಡುತ್ತಾರೆ. ತಡೆಯಿರಿ, ಆ ಭಾಗ ಸಂಜೆಗೆ. ಈಗ ಎಡಕ್ಕೆ ತಿರುಗಿ ಲೆಂಡಲ್ ಸೇತುವೆ ದಾಟಿ, ಊಸ್ ನದಿಯ ಆಚೆ ದಡದ ಮ್ಯೂಸಿಯಂ ಗಾರ್ಡನ್ಸ್‌ಗೆ ಹೋಗಿ. ಒಳಗೆ ಹೋಗಲು ದುಡ್ಡಿಲ್ಲ. ಅಳಿಲುಗಳು ಕಾಲ ಹತ್ತಿರವೇ ಬರುತ್ತವೆ.

ಇಲ್ಲಿ ಬಲಗಡೆ ಮಲ್ಟ್ಯಾಂಗ್ಯುಲರ್ ಟವರ್ ಅಂತ ಹಲವು ಮೂಲೆಗಳ ಮುರುಕು ಬುರುಜು ಇದೆ. ಅವಸರ ಮಾಡಬೇಡಿ, ಹತ್ತಿರ ಹೋಗಿ ಗೋಡೆಯನ್ನು ಕೆಳಗಿಂದ ಮೇಲಕ್ಕೆ ನೋಡಿ. ಕೆಳಗೆ ಚಿಕ್ಕ ಚಿಕ್ಕ ಚೌಕ ಕಲ್ಲು, ಒಂದೇ ಅಳತೆ, ಅಚ್ಚುಕಟ್ಟಾದ ಸಾಲು. ನಡುವೆ ಕೆಂಪು ಇಟ್ಟಿಗೆಯ ಪಟ್ಟಿಯೊಂದು ಹಾದುಹೋಗುತ್ತದೆ. ಈ ಚಿಕ್ಕ ಕಲ್ಲು ಮುಗಿಯುವವರೆಗೂ ರೋಮನ್ನರ ಕೆಲಸ. ಅದಕ್ಕಿಂತ ಮೇಲೆ ಕಲ್ಲು ದೊಡ್ಡದಾಗುತ್ತದೆ, ಬಾಣ ಬಿಡುವ ಕಿಂಡಿಗಳು ಕಾಣುತ್ತವೆ. ಅದು ಸಾವಿರ ವರ್ಷದಷ್ಟು ಆಮೇಲಿನ ಕೆಲಸ, ಮಧ್ಯಯುಗದವರು ಹಳೇ ತಳಪಾಯದ ಮೇಲೆಯೇ ಕಟ್ಟಿಕೊಂಡು ಹೋದದ್ದು. ಎರಡು ಕಾಲ ಸೇರುವ ಗೆರೆಯನ್ನು ಬೆರಳು ಮಾಡಿ ತೋರಿಸಬಹುದು. ಬುರುಜಿನ ಒಳಗೆ ರೋಮನ್ ಕಾಲದ ಕಲ್ಲಿನ ಶವಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದಾರೆ. ಮಳೆನೀರು ತುಂಬಿಕೊಂಡಿರುತ್ತದೆ, ಕೆಲವೊಮ್ಮೆ ಎಲೆ ತೇಲುತ್ತಿರುತ್ತದೆ.

ರೋಮನ್ನರು ಇಲ್ಲಿ ಠಾಣ್ಯ ಹಾಕಿದ್ದು ಕ್ರಿ.ಶ. 71ರಲ್ಲಿ. ಊರಿನ ಹೆಸರು ಆಗ ಎಬೊರಾಕಮ್. 211ರಲ್ಲಿ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿ ಸತ್ತದ್ದು ಇಲ್ಲೇ, 306ರಲ್ಲಿ ಸೈನಿಕರು ಕಾನ್‌ಸ್ಟಂಟೈನ್‌ನನ್ನು ಚಕ್ರವರ್ತಿ ಎಂದು ಘೋಷಿಸಿದ್ದೂ ಇಲ್ಲೇ. ಗುಂಪಿಗೆ ಇಷ್ಟು ಸಾಕು. ಇನ್ನೂ ಹೇಳಲು ಹೊರಟರೆ ಯಾರಾದರೂ ಕಾಫಿ ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ.

ಉದ್ಯಾನದ ಹಿಂದೆ ಎಕ್ಸಿಬಿಷನ್ ಸ್ಕ್ವೇರ್. ಬೆಳಿಗ್ಗೆ ಹತ್ತೂಕಾಲಿನ ಸುಮಾರಿಗೆ ಇಲ್ಲಿಂದ ಸ್ವಯಂಸೇವಕ ಗೈಡ್‌ಗಳ ಉಚಿತ ನಡಿಗೆ ಹೊರಡುತ್ತದೆ. 1951ರಿಂದ ನಡೆಸಿಕೊಂಡು ಬಂದಿದ್ದಾರೆ, ಟಿಪ್ಸ್ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಎರಡು ಗಂಟೆ ಹಿಡಿಯುತ್ತದೆ. ಗುಂಪಿನಲ್ಲಿ ಕೇಳುವ ಆಸಕ್ತಿ ಇರುವವರೇ ಜಾಸ್ತಿ ಇದ್ದರೆ ಸೇರಿಕೊಳ್ಳಿ. ನಾನಂತೂ ಮಾತುಗಾರರ ಗುಂಪನ್ನು ಅದರೊಳಗೆ ಸೇರಿಸುವುದಿಲ್ಲ, ಪಾಪ ಗೈಡ್‌ಗೆ ಕಷ್ಟ.

ಇದೇ ಚೌಕದಲ್ಲಿ ವಿಲಿಯಂ ಎಟ್ಟಿ ಎಂಬ ಚಿತ್ರಕಾರನ ಪ್ರತಿಮೆ ಇದೆ. ಗೋಡೆ ಹತ್ತುವ ಮೊದಲು ಅವನಿಗೊಂದು ನಮಸ್ಕಾರ ಹಾಕಿ. 1800ರಲ್ಲಿ ಊರಿನ ಆಡಳಿತದವರೇ ಈ ಗೋಡೆ ಕೆಡವಲು ಪಾರ್ಲಿಮೆಂಟಿನ ಅನುಮತಿ ಕೇಳಿದ್ದರು. ಬಾಗಿಲು ಇಕ್ಕಟ್ಟು, ರಿಪೇರಿ ಖರ್ಚು ಜಾಸ್ತಿ. ಬಾಗಿಲುಗಳ ಮುಂದೆ ಚಾಚಿಕೊಂಡಿದ್ದ ಬಾರ್ಬಿಕನ್‌ಗಳನ್ನು ಒಂದೊಂದಾಗಿ ಕೆಡವಿಯೂ ಬಿಟ್ಟರು, ಈಗ ವಾಮ್‌ಗೇಟ್ ಬಾರ್‌ನಲ್ಲಿ ಮಾತ್ರ ಒಂದು ಉಳಿದಿದೆ. ಗೋಡೆ ಉಳಿಸಬೇಕು ಎಂದು ದನಿ ಎತ್ತಿದವರಲ್ಲಿ ಎಟ್ಟಿ ಮುಖ್ಯನು.

ಎದುರಿಗಿನ ಬೂಥಮ್ ಬಾರ್‌ನಲ್ಲಿ ಮೆಟ್ಟಿಲು ಹತ್ತಿ. ಇಲ್ಲಿಂದ ಮಂಕ್ ಬಾರ್‌ವರೆಗೆ ಇಪ್ಪತ್ತು ನಿಮಿಷ. ಇಡೀ ಗೋಡೆಯಲ್ಲಿ ನನಗೆ ಇಷ್ಟವಾದ ಭಾಗ ಇದು. ಒಂದು ಕಡೆ ಕಂದಕದ ಇಳಿಜಾರು. ಇನ್ನೊಂದು ಕಡೆ ದೊಡ್ಡ ಮನೆಗಳ ಹಿತ್ತಲು, ತರಕಾರಿ ಮಡಿ, ಮರಗಳು, ಅವುಗಳ ಹಿಂದೆ ಮಿನ್‌ಸ್ಟರ್‌ನ ಗೋಪುರಗಳು. ಹೆಜ್ಜೆ ಇಟ್ಟಂತೆಲ್ಲ ಮಿನ್‌ಸ್ಟರ್ ತಿರುಗುತ್ತ ಹೋಗುತ್ತದೆ. ಮುಂಭಾಗದಿಂದ ತೆಗೆಯುವ ಫೋಟೊಗಿಂತ ಇಲ್ಲಿಯದೇ ಚೆನ್ನ.

ನಡುವೆ ಟ್ರೆಷರರ್ಸ್ ಹೌಸ್ ಎಂಬ ಹಳೇ ಮನೆ ಸಿಗುತ್ತದೆ. ಕತೆ ಹೇಳಲು ಒಳ್ಳೇ ಜಾಗ. 1953ರಲ್ಲಿ ಹ್ಯಾರಿ ಮಾರ್ಟಿಂಡೇಲ್ ಎಂಬ ಹುಡುಗ ಈ ಮನೆಯ ನೆಲಮಾಳಿಗೆಯಲ್ಲಿ ಪೈಪ್ ಕೆಲಸ ಮಾಡುತ್ತಿದ್ದಾಗ ರೋಮನ್ ಸೈನಿಕರು ಗೋಡೆಯಿಂದ ಹೊರಬಂದು ನಡೆದುಹೋದರಂತೆ. ಮೊಣಕಾಲಿಂದ ಕೆಳಗೆ ಕಾಣಿಸಲಿಲ್ಲವಂತೆ. ನೆಲ ಅಗೆದು ಹಳೇ ರೋಮನ್ ರಸ್ತೆ ತೆರೆದಿದ್ದ ಕಡೆ ಮಾತ್ರ ಪಾದವೂ ಕಂಡಿತಂತೆ. ನಂಬುವವರು, ನಂಬದವರು ಅಂತ ಗುಂಪು ಎರಡಾಗುತ್ತದೆ. ಮಂಕ್ ಬಾರ್ ಬರುವವರೆಗೂ ವಾದಕ್ಕೆ ವಿಷಯ ಸಿಕ್ಕಿತು.

ಮಂಕ್ ಬಾರ್‌ನಲ್ಲಿ ಇಳಿಯಿರಿ. ಬೀದಿಗೆ ಹೋಗಿ ತಿರುಗಿ ಮೇಲೆ ನೋಡಿ, ತುದಿಯಲ್ಲಿ ಕಲ್ಲೆತ್ತಿ ತಲೆ ಮೇಲೆ ಹಾಕಲು ನಿಂತ ಶಿಲ್ಪಗಳಿವೆ.

ನಡುಹಗಲು: ದುಡ್ಡು ಕೊಟ್ಟು ಒಂದೇ ಕಡೆ

ಮಂಕ್ ಬಾರ್‌ನಿಂದ ಒಳಗೆ ಬರುವ ಬೀದಿ ಗುಡ್ರಮ್‌ಗೇಟ್. ಇಲ್ಲಿ ಲೇಡಿ ರೋ ಎಂಬ ಮನೆಸಾಲಿದೆ, 1316ರ ಸುಮಾರಿನದು. ಅದರ ನಡುವೆ ಒಂದು ಕಬ್ಬಿಣದ ಗೇಟು, ತಪ್ಪಿಸಿಕೊಳ್ಳುವುದು ಸುಲಭ. ಒಳಗೆ ಹೋದರೆ ಹೋಲಿ ಟ್ರಿನಿಟಿ ಎಂಬ ಪುಟ್ಟ ಚರ್ಚು. ನೆಲ ಏರುಪೇರು. ಒಂದೊಂದು ಮನೆತನಕ್ಕೆ ಒಂದೊಂದರಂತೆ ಬಾಗಿಲಿರುವ ಮರದ ಡಬ್ಬಿಗಳು, ಅದರೊಳಗೆ ಬೆಂಚು. ನಾಲ್ಕು ಜನ ಒಂದು ಡಬ್ಬಿಯಲ್ಲಿ ಕೂತು ಕಾಲಿಗೆ ವಿಶ್ರಾಂತಿ ಕೊಡಿ. ಹೊರಗೆ ನೂರಾರು ಜನ, ಇಲ್ಲಿ ಮೂರೋ ನಾಲ್ಕೋ.

ಈಗ ಟಿಕೆಟ್ಟಿನ ಮಾತು. ಯಾರ್ಕ್‌ನ ದೊಡ್ಡ ಜಾಗಗಳೆಲ್ಲ ತಲಾ ಹದಿನೈದು ಇಪ್ಪತ್ತು ಪೌಂಡ್ ಆಸುಪಾಸಿಗೆ ಬಂದಿವೆ. ಮೂರು ಕಡೆ ಹೋದರೆ ಜೇಬೂ ಖಾಲಿ, ದಿನವೂ ಖಾಲಿ. ಒಬ್ಬೊಬ್ಬರು ಒಂದೇ ಕಡೆ ದುಡ್ಡು ಕೊಡಿ. ಎಲ್ಲರೂ ಒಂದೇ ಕಡೆ ಹೋಗಬೇಕೆಂದೇನೂ ಇಲ್ಲ. ಗುಂಪು ಎರಡಾಗಲಿ, ಎರಡು ಗಂಟೆ ಬಿಟ್ಟು ಸೇರಿ. ಸೇರುವ ಜಾಗ ಮಿನ್‌ಸ್ಟರ್ ಪಕ್ಕದ ಕಾನ್‌ಸ್ಟಂಟೈನ್ ಪ್ರತಿಮೆ. ಕತ್ತಿ ಹಿಡಿದು ಆರಾಮವಾಗಿ ಕೂತಿದ್ದಾನೆ, ಹುಡುಕುವ ಕಷ್ಟವಿಲ್ಲ.

ಮೊದಲ ಸಲ ಬಂದವರಾದರೆ ಮಿನ್‌ಸ್ಟರ್ ಒಳಗೆ ಹೋಗಿ. 1220ರ ಸುಮಾರಿಗೆ ಶುರುವಾದ ಕಟ್ಟಡ 1472ಕ್ಕೆ ಮುಗಿದದ್ದು. ಪೂರ್ವದ ತುದಿಯ ಗಾಜಿನ ಕಿಟಕಿಯನ್ನು ಜಾನ್ ಥಾರ್ನ್‌ಟನ್ ಎಂಬ ಕಸಬುದಾರ 1405ರಿಂದ 1408ರ ನಡುವೆ ಮೂರು ವರ್ಷದಲ್ಲಿ ಮುಗಿಸಿದ. ಒಪ್ಪಂದ 56 ಪೌಂಡಿಗೆ. ಹೊತ್ತಿಗೆ ಸರಿಯಾಗಿ ಮುಗಿಸಿದ್ದಕ್ಕೆ ಮೇಲೆ 10 ಪೌಂಡ್. ಲೋಕ ಹುಟ್ಟಿದ್ದು, ಲೋಕ ಮುಗಿಯುವುದು, ಎರಡೂ ಒಂದೇ ಕಿಟಕಿಯಲ್ಲಿ. ದೂರ ನಿಂತು ನೋಡಿದರೆ ಬಣ್ಣ ಮಾತ್ರ. ದುರ್ಬೀನು ಇದ್ದರೆ ತನ್ನಿ.

ಶಿಲುಬೆಯಾಕಾರದ ಈ ಕಟ್ಟಡದ ದಕ್ಷಿಣದ ತೋಳಿನಲ್ಲಿ ತಲೆ ಎತ್ತಲು ಮರೆಯಬೇಡಿ. 1984ರ ಜುಲೈ 9ರಂದು ಇಲ್ಲಿಯ ಚಾವಣಿ ಸುಟ್ಟುಹೋಯಿತು, ಸಿಡಿಲು ಕಾರಣವಿರಬಹುದು ಎನ್ನುತ್ತಾರೆ. ಹೊಸ ಚಾವಣಿ ಕಟ್ಟುವಾಗ ಮಕ್ಕಳ ಟಿವಿ ಕಾರ್ಯಕ್ರಮವೊಂದು ಸ್ಪರ್ಧೆ ಇಟ್ಟಿತು. ಗೆದ್ದ ಮಕ್ಕಳ ಚಿತ್ರಗಳನ್ನೇ ಮರದಲ್ಲಿ ಕೆತ್ತಿ ಮೇಲೆ ಕೂರಿಸಿದ್ದಾರೆ. ಚಂದ್ರನ ಮೇಲೆ ಇಳಿದ ಮನುಷ್ಯನೂ ಅಲ್ಲಿದ್ದಾನೆ. ಅವನನ್ನು ಮೊದಲು ಹುಡುಕಿದವರಿಗೆ ಉಳಿದವರು ಕಾಫಿ ಕೊಡಿಸಲಿ.

ಗೋಪುರ ಹತ್ತಲು ಬೇರೆ ಹೊತ್ತು ಗೊತ್ತುಮಾಡಿಕೊಳ್ಳಬೇಕು. 275 ಮೆಟ್ಟಿಲು, ಸುರುಳಿ, ಇಕ್ಕಟ್ಟು. ಎಂಟು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ನೋಡಲು ಬರುವವರಿಗೆ ಮಧ್ಯಾಹ್ನದ ಮೇಲೇ ಪ್ರವೇಶ. ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಸಂಜೆಯ ಈವನ್‌ಸಾಂಗ್ ಪ್ರಾರ್ಥನೆಗೆ ಹೋಗಿ ಕೂರಬಹುದು. ಅದು ಎಲ್ಲರಿಗೂ ಉಚಿತ, ಹಾಡು ಸೊಗಸಾಗಿರುತ್ತದೆ. ಹೊತ್ತು ಹೊರಗಿನ ಫಲಕದಲ್ಲಿ ಹಾಕಿರುತ್ತಾರೆ.

ಮಕ್ಕಳಿದ್ದರೆ, ಅಥವಾ ಮಕ್ಕಳಂಥ ದೊಡ್ಡವರಿದ್ದರೆ, ಯೋರ್ವಿಕ್ ವೈಕಿಂಗ್ ಸೆಂಟರ್. 1976ರಿಂದ 1981ರವರೆಗೆ ಕಾಪರ್‌ಗೇಟ್‌ನಲ್ಲಿ ಅಗೆದಾಗ ಸಿಕ್ಕ ವೈಕಿಂಗ್ ಬೀದಿಯ ಮೇಲೆಯೇ ಕಟ್ಟಿದ ಜಾಗ. ಪುಟ್ಟ ಬಂಡಿಯಲ್ಲಿ ಕೂರಿಸಿ ಒಳಗೆ ಕರೆದೊಯ್ಯುತ್ತಾರೆ, ಕಕ್ಕಸಿನ ವಾಸನೆ ಸಮೇತ. ಯಾವನೋ ವೈಕಿಂಗ್ ಸಾವಿರ ವರ್ಷದ ಹಿಂದೆ ಮಾಡಿದ, ಈಗ ಕಲ್ಲಾಗಿರುವ ಮಲವೂ ಗಾಜಿನ ಪೆಟ್ಟಿಗೆಯಲ್ಲಿದೆ. ಇಪ್ಪತ್ತು ಸೆಂಟಿಮೀಟರ್ ಉದ್ದ. ಊಟಕ್ಕೆ ಮುಂಚೆ ಹೋಗುವುದೋ ಆಮೇಲೋ ನೀವೇ ತೀರ್ಮಾನಿಸಿ. ಹೊತ್ತು ಗೊತ್ತುಮಾಡಿ ಬುಕ್ ಮಾಡದೆ ಹೋದರೆ ರಜೆ ದಿನ ಉದ್ದ ಸಾಲು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎರಡು ಮಾತು ನೆನಪಿಡಿ. ಯಾರ್ಕ್‌ಷೈರ್ ಪುಡಿಂಗ್‌ನಲ್ಲಿ ಮೊಟ್ಟೆ ಇರುತ್ತದೆ. ಈ ಸೀಮೆಯ ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸನ್ನೂ ದನದ ಕೊಬ್ಬಿನಲ್ಲಿ ಕರಿಯುವ ರೂಢಿ ಇದೆ. ಯಾವ ಎಣ್ಣೆ ಅಂತ ಕೇಳಿ, ಬೇಸರ ಮಾಡಿಕೊಳ್ಳುವುದಿಲ್ಲ. ಶಾಂಬಲ್ಸ್ ಮಾರುಕಟ್ಟೆಯಲ್ಲಿ ಬಗೆಬಗೆಯ ತಿಂಡಿ ಗೂಡಂಗಡಿಗಳಿವೆ. ಒಬ್ಬೊಬ್ಬರು ತಮಗೆ ಬೇಕಾದ್ದು ತಂದು ಒಂದೇ ಟೇಬಲ್ಲಿಗೆ ಕೂರಬಹುದು. ಬೆಟ್ಟಿಸ್ ಬಾಗಿಲಲ್ಲಿ ಆರು ಜನ ಒಂದು ಗಂಟೆ ಕಾಯುವುದಕ್ಕಿಂತ ಇದೇ ವಾಸಿ.

ಶಾಂಬಲ್ಸ್ ಬೀದಿಗೆ ನಡುಹಗಲು ಹೋಗಲೇಬೇಡಿ, ತಲೆಗಳು ಬಿಟ್ಟರೆ ಬೇರೇನೂ ಕಾಣಿಸುವುದಿಲ್ಲ. ಐದರ ಮೇಲೆ ಹೋಗಿ. ಅಂಗಡಿ ಮುಚ್ಚಿದಾಗಲೇ ಬೀದಿ ಚೆಂದ. ಮಂತ್ರದಂಡ ಮಾರುವ ಅಂಗಡಿಗಳ ಮೇಲೆ ಕಣ್ಣೆತ್ತಿದರೆ ಹಳೇ ಮಾಂಸದ ಕೊಕ್ಕೆಗಳು ಇನ್ನೂ ಇವೆ. ಕಿಟಕಿ ಕೆಳಗಿನ ಅಗಲ ಹಲಗೆಗಳ ಮೇಲೆ ಕಟುಕರು ಮಾಂಸ ಹರಡುತ್ತಿದ್ದರು. ಮೇಲಿನ ಅಂತಸ್ತುಗಳು ಮುಂದಕ್ಕೆ ಬಾಗಿ ಎದುರು ಮನೆಯ ಹತ್ತಿರಕ್ಕೆ ಬಂದಿವೆ, ಬಿಸಿಲು ಮಾಂಸದ ಮೇಲೆ ಬೀಳದಿರಲು ಅದು ಅನುಕೂಲವೇ ಆಗಿತ್ತು.

ಮಳೆ ಹಿಡಿದುಬಿಟ್ಟರೆ ಯೋಚನೆ ಬೇಡ, ಸ್ಟೇಷನ್ ಹಿಂದೆ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ. ಪ್ರವೇಶ ಉಚಿತ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿಬಂಡಿಗಳ ದಾಖಲೆ ಮಾಡಿದ ಮ್ಯಾಲರ್ಡ್ ಅಲ್ಲಿದೆ.

ಸಂಜೆ: ಬೈಲ್ ಹಿಲ್‌ನಿಂದ ಸ್ಟೇಷನ್‌ಗೆ

ಬೇಸಿಗೆಯಾದರೆ ಶಾಂಬಲ್ಸ್ ಆದ ಮೇಲೆ, ಚಳಿಗಾಲವಾದರೆ ಎರಡೂವರೆಗೇ, ಕ್ಲಿಫರ್ಡ್ಸ್ ಟವರ್ ಕಡೆ ನಡೆಯಿರಿ. ಹುಲ್ಲು ದಿಬ್ಬದ ಮೇಲೆ ಒಂಟಿ ಬುರುಜು. ಒಳಗೆ ಹೋಗದಿದ್ದರೂ ಕೆಳಗೆ ಒಂದು ನಿಮಿಷ ನಿಲ್ಲಿ. 1190ರ ಮಾರ್ಚ್‌ನಲ್ಲಿ ಊರಿನ ಯಹೂದಿಗಳು, ಸುಮಾರು 150 ಜನ, ದೊಂಬಿಗೆ ಹೆದರಿ ಇಲ್ಲಿದ್ದ ಮರದ ಬುರುಜಿನೊಳಗೆ ಸೇರಿಕೊಂಡರು. ಬಹುಪಾಲು ಜನ ತಾವೇ ಜೀವ ಕಳೆದುಕೊಂಡರು, ಉಳಿದವರನ್ನು ಕೊಂದರು. ದಿಬ್ಬದ ಬುಡದಲ್ಲಿ ಅದರ ಫಲಕವಿದೆ. ಫೋಟೊಗೆ ನಿಲ್ಲುವವರು ಅದನ್ನು ಓದಿ ಆಮೇಲೆ ನಿಲ್ಲಲಿ.

ಅಲ್ಲಿಂದ ಸ್ಕೆಲ್ಡರ್‌ಗೇಟ್ ಸೇತುವೆ ದಾಟಿದರೆ ಬೈಲ್ ಹಿಲ್ ಎಂಬ ದಿಬ್ಬ. ಮತ್ತೆ ಗೋಡೆ ಹತ್ತಿ. ಈ ಕಡೆ ಜನ ಕಡಿಮೆ. ಕೆಳಗೆ ಕೆಂಪಿಟ್ಟಿಗೆಯ ಮನೆಸಾಲು, ಒಣಗಲು ಹಾಕಿದ ಬಟ್ಟೆ. ಮುಂದೆ ಮಿಕ್ಲ್‌ಗೇಟ್ ಬಾರ್. ರಾಜರು ಊರಿಗೆ ಬರುತ್ತಿದ್ದದ್ದು ಈ ಬಾಗಿಲಿಂದ, ರಾಜದ್ರೋಹಿಗಳ ತಲೆ ಸಿಕ್ಕಿಸುತ್ತಿದ್ದದ್ದೂ ಇದರ ಮೇಲೇ. 1460ರ ಕೊನೆಯಲ್ಲಿ ವೇಕ್‌ಫೀಲ್ಡ್ ಕಾಳಗದಲ್ಲಿ ಸತ್ತ ಯಾರ್ಕ್‌ನ ಡ್ಯೂಕ್ ರಿಚರ್ಡ್‌ನ ತಲೆಗೆ ಕಾಗದದ ಕಿರೀಟ ಇಟ್ಟು ಇಲ್ಲಿ ನಿಲ್ಲಿಸಿದ್ದರು. ಮೂರು ತಿಂಗಳಲ್ಲಿ ಮಗ ಎಡ್ವರ್ಡ್ ಟೌಟನ್ ಕಾಳಗ ಗೆದ್ದು ಬಂದು ಅಪ್ಪನ ತಲೆ ಇಳಿಸಿದ, ಸೋತವರ ತಲೆ ಏರಿಸಿದ.

ಬಾಗಿಲು ದಾಟಿ ಗೋಡೆ ಬಲಕ್ಕೆ ತಿರುಗುವ ಕಡೆ ನಿಧಾನ ಮಾಡಿ. ಎಡಕ್ಕೆ ಸ್ಟೇಷನ್ನು, ಎದುರಿಗೆ ಗೋಡೆ ಬಳುಕಿಕೊಂಡು ಹೋಗಿ ಅದರ ತುದಿಗೆ ಮಿನ್‌ಸ್ಟರ್. ಬೆನ್ನ ಹಿಂದಿನ ಸಂಜೆ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಬೆಳಿಗ್ಗೆ ಇಲ್ಲಿ ಹತ್ತಬೇಡಿ ಅಂದದ್ದು ಇದಕ್ಕೇ. ಮಾರ್ಚ್ ಕೊನೆಗೋ ಏಪ್ರಿಲ್‌ಗೋ ಬಂದರೆ ದಿಬ್ಬದ ತುಂಬ ಹಳದಿ ಡ್ಯಾಫಡಿಲ್ ಹೂ. ಗುಂಪಿನ ಫೋಟೊ ಇಲ್ಲೇ ತೆಗೆಸಿಕೊಳ್ಳಿ, ಹಾದುಹೋಗುವವರನ್ನು ಕೇಳಿದರೆ ಖುಷಿಯಿಂದ ತೆಗೆದುಕೊಡುತ್ತಾರೆ.

ಲೆಂಡಲ್ ಸೇತುವೆ ಹತ್ತಿರ ಇಳಿದರೆ ಸ್ಟೇಷನ್‌ಗೆ ಐದಾರು ನಿಮಿಷ. ಲೀಡ್ಸ್ ಕಡೆಯವರಿಗೆ ರೈಲು ಪದೇ ಪದೇ ಇದೆ. ಲಂಡನ್‌ಗೆ ಮುಂಗಡ ಟಿಕೆಟ್ ತೆಗೆದುಕೊಂಡವರಿಗೆ ಆ ರೈಲು ಬಿಟ್ಟರೆ ಟಿಕೆಟ್ಟೂ ಹೋಯಿತು. ಹಾಗಾಗಿ ರೈಲಿಗೆ ಒಂದು ಗಂಟೆ ಮುಂಚೆ ಬೈಲ್ ಹಿಲ್‌ನಲ್ಲಿ ಇರುವಂತೆ ನೋಡಿಕೊಳ್ಳಿ. ನಡಿಗೆಗೆ ಅರ್ಧ ಗಂಟೆ, ಫೋಟೊಗೆ ಹದಿನೈದು ನಿಮಿಷ, ಉಳಿದದ್ದು ಸ್ಯಾಂಡ್‌ವಿಚ್ ಕೊಳ್ಳುವ ಸಾಲಿಗೆ.